ನೌಕೆಯಲ್ಲಿ ಮನುಷ್ಯ ಯಾರು? ಲೆಮ್‌ನ ಪಿರ್ಕ್ಸ್ ಕಥೆಯೂ ಗುರುತು ಬಯಲಾಗುವ ಬಗೆಯೂ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಅವರನ್ನು ಊರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಪೂರ್ಣ ಹೆಸರು ಪುಸ್ತಿಕೆಯ ಮುಖಪುಟದಲ್ಲಿದೆ; ನಾನೂ ಮೇಷ್ಟ್ರು ಎಂದೇ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಸಂಜೆ ಹೊತ್ತು ವಿಜ್ಞಾನ ಕಥೆ ಓದಿದವರು, ಓದಿದ ಕಥೆಯಲ್ಲಿ ಲೆಕ್ಕ ತಪ್ಪಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿದವರು. ಅಂಥವರ ಹೆಸರಿನ ಉಪನ್ಯಾಸಕ್ಕೆ ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಕರೆದಿದ್ದೀರಿ. ಅದು ನನಗೆ ಸಂದ ಗೌರವ. ಸ್ವಲ್ಪ ಅಳುಕೂ ಇದೆ.

ವಿಜ್ಞಾನ ಕಥೆಯ ಚರಿತ್ರೆಯನ್ನು ಇಲ್ಲಿ ಒಪ್ಪಿಸಲು ಹೋಗುವುದಿಲ್ಲ. ಚೆಕ್ ನಾಟಕಕಾರ ಕರೆಲ್ ಚಾಪೆಕ್ 1920ರಲ್ಲಿ 'ರೋಬೋಟ್' ಎಂಬ ಹೆಸರನ್ನು ಲೋಕಕ್ಕೆ ಕೊಟ್ಟದ್ದು, ಐಸಾಕ್ ಅಸಿಮೊವ್ 1942ರ ಕಥೆಯೊಂದರಲ್ಲಿ ರೋಬೋಟುಗಳಿಗೆ ಮೂರು ನಿಯಮ ಹಾಕಿದ್ದು, ಇವೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ನನಗೆ ಬೇಕಾಗಿರುವುದು ಅದರೊಳಗಿನ ಒಂದು ಸಣ್ಣ ಜಾತಿಯ ಕಥೆ. ಹಿಂದಿರುಗಲು ದಾರಿಯಿಲ್ಲದ ಕಡೆ ಒಂದು ತಂಡ ಹೋಗಿರುತ್ತದೆ. ತಂಡದಲ್ಲೊಬ್ಬ ತಾನು ಹೇಳಿಕೊಂಡವನಲ್ಲ. ಅಪಾಯ ಎದುರಾದಾಗ ಅವನು ಯಾರೆಂಬುದು ಬಯಲಾಗುತ್ತದೆ. ಬಯಲಾಗುವುದು ಹೇಗೆ ಎನ್ನುವುದೇ ಇಂದಿನ ನನ್ನ ಪ್ರಶ್ನೆ.

ಬಹುಪಾಲು ಕಥೆಗಳ ಉತ್ತರ ರಕ್ತ. ಜಾನ್ ಕ್ಯಾಂಬೆಲ್ 1938ರಲ್ಲಿ ಡಾನ್ ಎ. ಸ್ಟೂಅರ್ಟ್ ಎಂಬ ಕಾವ್ಯನಾಮದಲ್ಲಿ 'ಹೂ ಗೋಸ್ ದೇರ್?' ಬರೆದ. ಅಂಟಾರ್ಕ್ಟಿಕಾದ ಶಿಬಿರ, ಹಿಮದಿಂದ ಎದ್ದ ಜೀವಿಯೊಂದು ಯಾರ ರೂಪವನ್ನು ಬೇಕಾದರೂ ತಾಳಬಲ್ಲದು. ಪ್ರತಿಯೊಬ್ಬನ ರಕ್ತಕ್ಕೂ ಕಾದ ತಂತಿ ಮುಟ್ಟಿಸುತ್ತಾರೆ. ಜೀವಿಯ ರಕ್ತವಾದರೆ ಅದು ತಾನೇ ಬೇರೊಂದು ಪ್ರಾಣಿಯಂತೆ ತಂತಿಯಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಈ ಕಥೆಯನ್ನಾಧರಿಸಿದ 1951ರ ಚಲನಚಿತ್ರ ವೇಷದ ಸಂಗತಿಯನ್ನೇ ಕೈಬಿಟ್ಟಿತು. 1982ರ ತನ್ನ ಚಿತ್ರದಲ್ಲಿ ಜಾನ್ ಕಾರ್ಪೆಂಟರ್ ಅದನ್ನೂ ತಂತಿಯನ್ನೂ ಮರಳಿ ತಂದ. ರಿಡ್ಲಿ ಸ್ಕಾಟ್‌ನ 'ಏಲಿಯನ್' (1979) ನೋಡಿದವರಿಗೆ ಆ್ಯಶ್ ನೆನಪಿರಬೇಕು. ನೌಕೆ ಹೊರಡುವುದಕ್ಕೆ ಎರಡು ದಿನ ಮುಂಚೆ ಹಳೆಯ ವಿಜ್ಞಾನಾಧಿಕಾರಿಯ ಜಾಗಕ್ಕೆ ಬಂದವನು. ಸೋಂಕಿನ ಭಯದಿಂದ ನೌಕೆಯ ಅಧಿಕಾರಿ ರಿಪ್ಲಿ ಬಾಗಿಲು ತೆರೆಯುವುದಿಲ್ಲ ಎಂದಾಗ ತಾನೇ ತೆರೆದವನು. ಕೊನೆಗೆ ಅವನು ರಿಪ್ಲಿಗೆ ಅಡ್ಡ ನಿಂತಾಗ ಅವನ ಕಪೋಲದ ಮೇಲೆ ಒಂದು ಹನಿ ಇಳಿಯುತ್ತದೆ. ಬೆವರು ಎಂದುಕೊಂಡು ನೋಡಿದರೆ ಹಾಲಿನಷ್ಟು ಬಿಳಿ. ಆ್ಯಶ್ ಪಾತ್ರ ಮಾಡಿದ ಇಯನ್ ಹೋಮ್‌ನ ಮುಖದಲ್ಲಿ ಆಗ ಯಾವ ಬದಲಾವಣೆಯೂ ಇಲ್ಲ. ಮುಂದೆ ನಡೆಯುವ ಹೊಡೆದಾಟ, ಕಿತ್ತುಬಂದ ತಲೆ, ಎಲ್ಲಕ್ಕಿಂತ ಆ ಒಂದು ಹನಿಯೇ ನನಗೆ ದೊಡ್ಡದು.

ಆ್ಯಶ್‌ನ ವಿಷಯದಲ್ಲಿ ಒಂದು ಹಳೆಯ ಜಗಳವಿದೆ. ಮೂಲ ಚಿತ್ರಕಥೆ ಬರೆದ ಡಾನ್ ಒಬ್ಯಾನನ್‌ಗೆ ಈ ಪಾತ್ರ ಬೇಕಿರಲಿಲ್ಲ. ಅದನ್ನು ಆಮೇಲೆ ಸೇರಿಸಿದವರು ನಿರ್ಮಾಪಕರಾದ ವಾಲ್ಟರ್ ಹಿಲ್ ಮತ್ತು ಡೇವಿಡ್ ಗೈಲರ್. ನೌಕೆಯಲ್ಲಿ ಭೂತ ಇರುವಾಗ ಯಂತ್ರಮಾನವ ಇದ್ದರೆಷ್ಟು, ಬಿಟ್ಟರೆಷ್ಟು ಎಂಬುದು ಒಬ್ಯಾನನ್ ಪಕ್ಷದವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಆ್ಯಶ್ ಅಪಾಯಕಾರಿಯಾಗಿದ್ದು ಅವನ ಒಡಲಲ್ಲಿ ತಂತಿಗಳಿದ್ದವು ಎಂಬ ಕಾರಣಕ್ಕಲ್ಲ. ನೌಕೆ ಹೊಕ್ಕ ಅನ್ಯಲೋಕದ ಜೀವಿಯನ್ನು ತರಬೇಕು, ಸಿಬ್ಬಂದಿ ಸತ್ತರೂ ಚಿಂತೆಯಿಲ್ಲ ಎಂಬ ಕಂಪನಿಯ ಗುಟ್ಟಿನ ಆದೇಶ ಅವನ ಕೈಯಲ್ಲಿತ್ತು, ಅದಕ್ಕೆ. ಆ ಆದೇಶವನ್ನು ಮನುಷ್ಯನೂ ಪಾಲಿಸಬಹುದಿತ್ತು. ಬಿಳಿ ಹನಿ ನಮ್ಮ ಗಮನವನ್ನು ಆದೇಶದಿಂದ ಮೈಯ ಕಡೆಗೆ ಸೆಳೆದುಬಿಡುತ್ತದೆ. ಏಳು ವರ್ಷದ ಮೇಲೆ ಬಂದ 'ಏಲಿಯನ್ಸ್'ನಲ್ಲಿ ಬಿಷಪ್‌ನ ಬೆರಳಲ್ಲಿ ಅದೇ ಬಿಳಿ ದ್ರವ ಕಂಡ ಕೂಡಲೇ ರಿಪ್ಲಿ ಕೆರಳುತ್ತಾಳೆ. ಅವನೋ ಕೊನೆಯವರೆಗೂ ನಂಬಿಕೆಗೆ ಅರ್ಹನಾಗಿಯೇ ನಡೆದುಕೊಳ್ಳುತ್ತಾನೆ. ಮೈಯ ಗುಟ್ಟು ಬೇರೆ, ಮನಸ್ಸಿನ ಗುಟ್ಟು ಬೇರೆ. ಈ ಎರಡನ್ನೂ ಕಲಸಿಬಿಡುವುದು ಈ ಜಾತಿಯ ಕಥೆಗಳ ದೋಷವಲ್ಲ, ಅವುಗಳ ವಿಮರ್ಶಕರ ದೋಷ.

ನಮಗೆ ಇದು ಹೊಸದಾಗಬೇಕಿಲ್ಲ. ವಿರಾಟಪರ್ವ ಓದಿ ಬೆಳೆದವರು ನಾವು. ಬೃಹನ್ನಳೆ ತಾನು ಅರ್ಜುನ ಎಂದರೆ ಉತ್ತರಕುಮಾರ ನಂಬುವುದಿಲ್ಲ; ಅರ್ಜುನನ ಹತ್ತು ಹೆಸರನ್ನೂ ಅವುಗಳ ಕಾರಣವನ್ನೂ ಹೇಳು ಎನ್ನುತ್ತಾನೆ. ಪುರಾವೆ ಇರುವುದು ಮೈಯಲ್ಲಲ್ಲ, ಮಾತಿನಲ್ಲಿ. ಬಯಲಾದದ್ದು ಅಜ್ಞಾತವಾಸದ ಅವಧಿಗೆ ಮುಂಚೆಯೋ ಆಮೇಲೋ ಎಂದು ದುರ್ಯೋಧನ ತಕರಾರು ತೆಗೆದಾಗ ಭೀಷ್ಮ ಅಧಿಕಮಾಸಗಳ ಲೆಕ್ಕ ಹಾಕಿ ಉತ್ತರಿಸುತ್ತಾನೆ. ಮೇಷ್ಟ್ರಿಗೆ ಈ ಲೆಕ್ಕ ಖಂಡಿತ ಇಷ್ಟವಾಗುತ್ತಿತ್ತು.

ಇನ್ನು ನನ್ನ ಮುಖ್ಯ ಸಾಮಗ್ರಿಗೆ ಬರುತ್ತೇನೆ. ಪೋಲೆಂಡಿನ ಸ್ತಾನಿಸ್ವಾವ್ ಲೆಮ್ 1968ರಲ್ಲಿ ಪ್ರಕಟಿಸಿದ ಪೈಲಟ್ ಪಿರ್ಕ್ಸ್ ಕಥೆಗಳ ಸಂಪುಟದಲ್ಲಿ ನ್ಯಾಯವಿಚಾರಣೆಯ ಒಂದು ಕಥೆಯಿದೆ. ಇಂಗ್ಲಿಷಿನಲ್ಲಿ ಅದು 'ದಿ ಇನ್‌ಕ್ವೆಸ್ಟ್' ಎಂದು ಬಂದಿದೆ. ಪಿರ್ಕ್ಸ್ ವೀರನಲ್ಲ. ಸಂಪುಟದ ಮೊದಲ ಕಥೆಯಲ್ಲಿ ಅವನು ತರಗತಿಯಲ್ಲಿ ಹಗಲುಗನಸು ಕಾಣುತ್ತ ಸಿಕ್ಕಿಬೀಳುವ ದಢೂತಿ ಕೆಡೆಟ್. ಈ ಕಥೆಯ ಹೊತ್ತಿಗೆ ಪಳಗಿದ ಕಮಾಂಡರ್. ಮನುಷ್ಯರಿಂದ ಬೇರ್ಪಡಿಸಿ ನೋಡಲಾಗದ ಯಂತ್ರಮಾನವರನ್ನು ಕಂಪನಿಗಳು ತಯಾರಿಸಿವೆ. ಅವರನ್ನು ನೌಕೆಗಳಿಗೆ ತುಂಬುವ ಮುಂಚೆ ಒಂದು ಪರೀಕ್ಷೆ ಆಗಬೇಕು. ಹಾಗಾಗಿ ಶನಿಗೆ ಹೊರಟ ಗೋಲಿಯಾತ್ ಎಂಬ ನೌಕೆಯಲ್ಲಿ ಕೆಲವರು ಮನುಷ್ಯರು, ಕೆಲವರು ಅಲ್ಲ. ಯಾರು ಯಾರೆಂದು ಪಿರ್ಕ್ಸ್‌ಗೆ ಹೇಳುವುದಿಲ್ಲ. ತಮ್ಮ ಗುರುತು ಬಿಟ್ಟುಕೊಡುವುದಿಲ್ಲ ಎಂದು ಸಿಬ್ಬಂದಿ ಮಾತು ಕೊಟ್ಟಿದ್ದಾರೆ.

ಈ ಏರ್ಪಾಟು ಪಿರ್ಕ್ಸ್‌ಗೆ ಹಿಡಿಸುವುದಿಲ್ಲ. ಎದುರಿಗಿರುವವನ ಮೇಲೆ ಗೂಢಚಾರಿಕೆ ಮಾಡುವ ಕೆಲಸ ಅವನಿಗೆ ಹೇಸಿಗೆ. ಹಾದಿಯಲ್ಲಿ ಒಬ್ಬ ಅವನ ಬಳಿ ಬಂದು ತಾನು ಮನುಷ್ಯ ಎನ್ನುತ್ತಾನೆ. ಇನ್ನೊಬ್ಬ ಬಂದು ತಾನು ಮನುಷ್ಯನಲ್ಲ ಎನ್ನುತ್ತಾನೆ. ಇಬ್ಬರೂ ಕೊಟ್ಟ ಮಾತು ಮುರಿದವರು. ಹಾಗಿದ್ದ ಮೇಲೆ ಇವರ ಮಾತನ್ನು ನಂಬುವುದು ಹೇಗೆ? ಕಾದ ತಂತಿ ಇಲ್ಲಿಲ್ಲ, ಬಿಳಿ ಹನಿಯೂ ಇಲ್ಲ.

ನೌಕೆ ಶನಿಯ ಬಳೆಗಳ ಹತ್ತಿರ ಬರುತ್ತದೆ. ಪೈಲಟ್ ಕಾಲ್ಡರ್ ಚುಕ್ಕಾಣಿಯಲ್ಲಿದ್ದಾನೆ. ಕೆಲಸ ಕೆಡುತ್ತದೆ, ನೌಕೆ ಬಳೆಗಳ ನಡುವಿನ ಕ್ಯಾಸಿನಿ ತೆರಪಿನ ಕಡೆಗೇ ಸಾಗುತ್ತಿದೆ. ಹಿಂದಿರುಗು ಎನ್ನಬೇಕು, ಇಲ್ಲವೇ ನುಗ್ಗು ಎನ್ನಬೇಕು. ಪಿರ್ಕ್ಸ್ ಬಾಯಿ ಬಿಡುವುದಿಲ್ಲ. ಸೆಕೆಂಡುಗಳು ಉರುಳುತ್ತವೆ. ಕಾಲ್ಡರ್ ಕಾಯುತ್ತಾನೆ. ಆದೇಶ ಬರುವುದೇ ಇಲ್ಲ. ಕಡೆಗೆ ಅವನು ಮನುಷ್ಯರ ಮೈ ತಾಳಲಾರದಷ್ಟು ವೇಗೋತ್ಕರ್ಷಕ್ಕೆ ನೌಕೆಯನ್ನು ಒಡ್ಡಲು ತಾನೇ ಕೈ ಹಾಕುತ್ತಾನೆ. ಆ ಯತ್ನದಲ್ಲಿ ಅವನೇ ನಾಶವಾಗುತ್ತಾನೆ; ಅವನು ಮನುಷ್ಯನಲ್ಲ ಎಂಬುದು ಬಯಲಾಗುವುದು ಹೀಗೆ. ಕಥೆ ಆರಂಭವಾಗುವುದು ನ್ಯಾಯಮಂಡಳಿಯ ಎದುರು, ಕಟಕಟೆಯಲ್ಲಿರುವವನು ಪಿರ್ಕ್ಸ್. ಕಮಾಂಡರ್ ಆದವನು ಆದೇಶ ಕೊಡಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದದ್ದೇಕೆ?

ಇಲ್ಲೊಂದು ಆಕ್ಷೇಪಣೆ ಬರುವುದುಂಟು, ಮೇಷ್ಟ್ರ ಶಿಷ್ಯರಿಂದ ಬಂದರೂ ಬರಬಹುದು. 1675ರಲ್ಲಿ ಕ್ಯಾಸಿನಿ ಕಂಡ ಆ ತೆರಪಿನ ಅಗಲ ಸುಮಾರು 4,800 ಕಿಲೋಮೀಟರ್. ಅಲ್ಲಿ ನೌಕೆ ನುಗ್ಗಿದರೆ ಏನಂತೆ? ಉತ್ತರ ಸರಳ. ಲೆಮ್ ಬರೆಯುವಾಗ ಶನಿಯ ಹತ್ತಿರ ಯಾವ ನೌಕೆಯೂ ಹೋಗಿರಲಿಲ್ಲ. 1979ರಲ್ಲಿ ಪಯೋನಿಯರ್ 11 ಹೋದಾಗಲೂ ಅದನ್ನು ಹಾಯಿಸಿದ್ದು ಮುಖ್ಯ ಬಳೆಗಳ ಹೊರಗೆ. ಮರುವರ್ಷ ವಾಯೇಜರ್ 1 ಕಳಿಸಿದ ಚಿತ್ರಗಳಲ್ಲಿ ತೆರಪಿನೊಳಗೇ ತೆಳು ಬಳೆಗಳು ಕಂಡವು. ಅದು ಬರಿದಲ್ಲ. ಲೆಮ್‌ನ ಭಯ ಲೆಕ್ಕಕ್ಕೆ ಹೊರತಾದದ್ದೇನೂ ಅಲ್ಲ.

ಈಗ ಮೂಲ ವಿವಾದಕ್ಕೆ. ಕಥೆಯನ್ನು ಓದಿದವರಲ್ಲಿ ಹೆಚ್ಚಿನವರು ಇದು ಮನುಷ್ಯನ ದೌರ್ಬಲ್ಯದ ಗೆಲುವು ಎನ್ನುತ್ತಾರೆ. ಯಂತ್ರ ಕರಾರುವಾಕ್ಕು, ಮನುಷ್ಯ ಅನಿಶ್ಚಿತ; ಆ ಅನಿಶ್ಚಯವೇ ಅವನನ್ನು ಉಳಿಸಿತು. ಪಿರ್ಕ್ಸ್ ಕೊನೆಗೆ ಹೆಚ್ಚುಕಡಿಮೆ ಇದನ್ನೇ ಹೇಳಿಕೊಳ್ಳುತ್ತಾನೆ ಎಂಬುದು ಈ ಓದಿಗೆ ದೊಡ್ಡ ಬಲ. ಆದರೆ ಪಾತ್ರ ತನ್ನ ಬಗ್ಗೆ ಹೇಳಿಕೊಂಡದ್ದನ್ನೆಲ್ಲ ತೀರ್ಪು ಎಂದು ಬರೆದುಕೊಳ್ಳುವುದು ವಿಮರ್ಶೆಯಲ್ಲ, ಗುಮಾಸ್ತಗಿರಿ. ಪಿರ್ಕ್ಸ್ ಏನೂ ತೋಚದೆ ಸುಮ್ಮನಿದ್ದ, ಸರಿ. ಆ ಮೌನ ಕಾಲ್ಡರ್‌ನನ್ನು ಕೆಡವಿದ್ದು ಹೇಗೆ? ಬರೀ ಅನಿಶ್ಚಯ ಯಾವ ಯಂತ್ರವನ್ನೂ ಕೆಡವುವುದಿಲ್ಲ. ಬಚ್ಚಿಟ್ಟುಕೊಂಡವನಿಗೆ ಎದುರಿಗಿರುವವನ ಒಂದೊಂದು ಚಲನೆಯೂ ಒಂದೇ ಪ್ರಶ್ನೆಯಾಗಿ ಕಾಣುತ್ತದೆ: ಇವನಿಗೆ ಗೊತ್ತಾಯಿತೇ? ಕಾಲ್ಡರ್ ಆ ಮೌನವನ್ನು ಒಂದು ನಡೆ ಎಂದು ಓದಿದ. ತನ್ನ ಆಟ ತಿಳಿದೇ ಪಿರ್ಕ್ಸ್ ಸುಮ್ಮನಿದ್ದಾನೆ ಎಂದುಕೊಂಡ. ಹಾಗೆ ಓದುವುದು ಯಂತ್ರದ ಗುಣವಲ್ಲ, ಬಚ್ಚಿಟ್ಟುಕೊಂಡವರ ಗುಣ. ತಾನು ಮನುಷ್ಯನಲ್ಲ ಎಂದು ಬಂದು ಹೇಳಿದ ಆ ಇನ್ನೊಬ್ಬನಿಂದ ನೌಕೆಗೆ ಏನೂ ಆಗಲಿಲ್ಲ ಎನ್ನುವುದನ್ನು ದೌರ್ಬಲ್ಯವಾದಿಗಳು ಯಾಕೆ ಮರೆಯುತ್ತಾರೆ? ಅವನೂ ಅದೇ ಕಾರ್ಖಾನೆಯ ಮಾಲು.

ಇದನ್ನು ನಾನು ಒತ್ತಿ ಹೇಳಲು ಕಾರಣ ಲೆಮ್‌ನ ಬದುಕಿನಲ್ಲಿದೆ. ಅವನು 1921ರಲ್ಲಿ ಆಗ ಪೋಲೆಂಡಿನದಾಗಿದ್ದ, ಇಂದು ಉಕ್ರೇನಿನಲ್ಲಿರುವ ಲ್ವೀವ್ ನಗರದಲ್ಲಿ ಹುಟ್ಟಿದ. ತಂದೆ ವೈದ್ಯರು, ಮನೆತನ ಯಹೂದಿ. 1941ರಲ್ಲಿ ಜರ್ಮನ್ನರು ನಗರವನ್ನು ಹಿಡಿದ ಮೇಲೆ ಸುಳ್ಳು ಕಾಗದಪತ್ರ ಇಟ್ಟುಕೊಂಡು, ಜರ್ಮನ್ ಕಂಪನಿಯೊಂದರಲ್ಲಿ ಮೆಕ್ಯಾನಿಕ್, ವೆಲ್ಡಿಂಗ್ ಕೆಲಸ ಮಾಡುತ್ತ ಜೀವ ಉಳಿಸಿಕೊಂಡ. ಗುರುತು ಬಯಲಾದರೆ ಸಾವು. ಮುಂದೆಯೂ ಬಹುಕಾಲ ಈ ವಿಷಯದಲ್ಲಿ ಅವನು ಹೆಚ್ಚು ಬಾಯಿ ಬಿಡಲಿಲ್ಲ. ಸಂಶೋಧಕಿ ಅಗ್ನಿಯೆಷ್ಕಾ ಗಾಯೆವ್ಸ್ಕಾ 2016ರ ತಮ್ಮ ಪುಸ್ತಕದಲ್ಲಿ ಲೆಮ್‌ನ ನಕ್ಷತ್ರಗಳ ಕಥೆಗಳಲ್ಲಿ ಯಹೂದಿಗಳ ನರಮೇಧದ ಜಾಡು ಹುದುಗಿದೆ ಎಂದು ವಾದಿಸಿದರು. ಅದೇ 1968ರ 'ಹಿಸ್ ಮಾಸ್ಟರ್ಸ್ ವಾಯ್ಸ್' ಕಾದಂಬರಿಯಲ್ಲಿ ರಾಪಪೋರ್ಟ್ ಎಂಬ ಪಾತ್ರ ಹೇಳುವ ಹತ್ಯಾಕಾಂಡದ ಪ್ರಸಂಗ ನೋಡಿದರೆ ಆ ವಾದಕ್ಕೆ ತಲೆದೂಗಲೇಬೇಕು.

ಆದರೆ ಗಾಯೆವ್ಸ್ಕಾ ಅವರ ಹಿಂದೆ ಹೊರಟವರಲ್ಲಿ ಕೆಲವರದು ಅತಿಯಾಯಿತು. 1968ರ ಮಾರ್ಚಿನಲ್ಲಿ ಪೋಲೆಂಡಿನ ಸರ್ಕಾರವೇ ಯಹೂದಿ ವಿರೋಧಿ ಪ್ರಚಾರ ನಡೆಸಿತು. ಪೋಲಿಷ್ ಹೆಸರುಗಳ ಹಿಂದೆ ಯಾರ ಮೂಲ ಯಾವುದೆಂದು ಕೆದಕಿತು. ಸಾವಿರಾರು ಜನ ದೇಶ ಬಿಟ್ಟರು. ಪಿರ್ಕ್ಸ್ ಸಂಪುಟವೂ ಅದೇ ವರ್ಷದ್ದು, ಆದ್ದರಿಂದ ಈ ಕಥೆ ಆ ಬೇಟೆಗೆ ಬರೆದ ಉತ್ತರ ಎನ್ನುತ್ತಾರೆ. ಬರೆದ ಪುಸ್ತಕ ಅಚ್ಚಾಗಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಬಲ್ಲ ಯಾರೂ ಹೀಗೆ ಹೇಳಲಾರರು. ಇನ್ನೊಂದು ತೊಡಕೂ ಇದೆ. ಕಾಲ್ಡರ್‌ನಲ್ಲಿ ಲೆಮ್ ತನ್ನನ್ನೇ ಕಂಡ ಎಂದರೆ, ಬಚ್ಚಿಟ್ಟುಕೊಂಡವನು ಕೊಲೆಗಾರ ಎಂದು ಅವನೇ ಒಪ್ಪಿಕೊಂಡಂತಾಗುತ್ತದೆ. ಅದು ಬೇಟೆಗಾರರ ಮಾತು. ನನ್ನ ಓದಿನಲ್ಲಿ ಲೆಮ್ ತನ್ನ ಅನುಭವವನ್ನು ಒಂದು ಪಾತ್ರಕ್ಕೆ ಕೊಟ್ಟಿಲ್ಲ. ತಪಾಸಣೆಯವನ ಎದುರು ನಿಂತವನು ಮೌನವನ್ನು ಹೇಗೆ ಓದುತ್ತಾನೆ ಎಂಬ ಅರಿವನ್ನು ಕಾಲ್ಡರ್‌ಗೆ ಕೊಟ್ಟ. ತಪಾಸಣೆ ಮಾಡುವುದೇ ಅಸಹ್ಯ ಎಂಬ ಭಾವವನ್ನು ಪಿರ್ಕ್ಸ್‌ಗೆ ಕೊಟ್ಟ. ರಕ್ತ ನೋಡಿ ಜನರನ್ನು ಬೇರ್ಪಡಿಸಿದ ಆಡಳಿತವನ್ನು ಕಂಡವನು ತನ್ನ ಕಥೆಯಲ್ಲಿ ರಕ್ತದ ಪರೀಕ್ಷೆಗೆ ಎಡೆ ಕೊಡಲಿಲ್ಲ.

1979ರಲ್ಲಿ, 'ಏಲಿಯನ್' ಬಂದ ವರ್ಷವೇ, ಮಾರೆಕ್ ಪಿಯೆಸ್ತ್ರಾಕ್ ಈ ಕಥೆಯನ್ನು ಚಲನಚಿತ್ರ ಮಾಡಿದ. ಪೋಲೆಂಡ್ ಮತ್ತು ಸೋವಿಯತ್ ಎಸ್ಟೋನಿಯಾ ಸೇರಿ ತೆಗೆದದ್ದು. ಸಂಗೀತ ಆರ್ವೋ ಪ್ಯಾರ್ಟ್‌ನದು. ಸಂಗೀತಕ್ಕಾಗಿ ನೋಡಬಹುದು. ಉಳಿದದ್ದರ ಬಗ್ಗೆ ಇಷ್ಟೇ ಹೇಳುತ್ತೇನೆ: ಒಬ್ಬನ ತಲೆಯೊಳಗೆ ನಡೆಯುವ ಲೆಕ್ಕಾಚಾರವನ್ನು ಕ್ಯಾಮರಾ ತೋರಿಸಲಾರದು.

ಅಮೆರಿಕದ ಫಿಲಿಪ್ ಕೆ. ಡಿಕ್‌ನ ಮಾತು ಎತ್ತದೆ ಮುಗಿಸಿದರೆ ಮೇಷ್ಟ್ರು ಕ್ಷಮಿಸುತ್ತಿರಲಿಲ್ಲ. 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಬಂದದ್ದೂ 1968ರಲ್ಲೇ. ಅಲ್ಲಿ ಪರೀಕ್ಷೆಯಿದೆ: ಮನ ಕಲಕುವ ಪ್ರಶ್ನೆ ಕೇಳಿ, ಕಣ್ಣಿನ ಸ್ನಾಯು ಮಿಡಿಯಿತೇ, ಕೆನ್ನೆ ಕೆಂಪಾಯಿತೇ ಎಂದು ಯಂತ್ರ ಹಿಡಿದು ಅಳೆಯುತ್ತಾರೆ. ಮೈಯಿಂದಲೇ ಮನಸ್ಸನ್ನು ಓದಬಹುದು ಎಂದು ಡಿಕ್ ನಂಬಿದ್ದ ಎನ್ನಲಾರೆ. ಪರೀಕ್ಷೆ ಮಾಡುವವನ ಮೇಲೂ ಅವನು ಸಂಶಯ ಹುಟ್ಟಿಸುತ್ತಾನೆ. ಆದರೂ ಪರೀಕ್ಷೆ ಅವನಿಗೆ ಬೇಕಿತ್ತು, ಲೆಮ್‌ಗೆ ಬೇಡವಾಗಿತ್ತು.

ಇವರಿಬ್ಬರ ನಡುವೆ ಒಂದು ಪ್ರಸಂಗ ನಡೆಯಿತು. ಡಿಕ್‌ನ 'ಯೂಬಿಕ್' ಪೋಲಿಷ್‌ಗೆ ಬರಲು ಲೆಮ್ ಮುತುವರ್ಜಿ ವಹಿಸಿದ್ದ. ಅದರ ಸಂಭಾವನೆ ಕೈಗೆ ಬಾರದೆ ಡಿಕ್ ಲೆಮ್‌ನ ಮೇಲೆ ಸಿಟ್ಟಾದ. 1974ರ ಸೆಪ್ಟೆಂಬರಿನಲ್ಲಿ ಅವನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಾಗದ ಬರೆದ. ಲೆಮ್ ಎಂಬವನು ಒಬ್ಬ ವ್ಯಕ್ತಿಯೇ ಅಲ್ಲ, ಕಮ್ಯುನಿಸ್ಟ್ ಪಕ್ಷದ ಒಂದು ಸಮಿತಿ ಇರಬೇಕು. ಇಲ್ಲದಿದ್ದರೆ ಒಬ್ಬನೇ ಇಷ್ಟು ಶೈಲಿಗಳಲ್ಲಿ ಬರೆಯುವುದು ಹೇಗೆ? ಸುಳ್ಳು ಕಾಗದಪತ್ರದ ಕಾಲವನ್ನು ದಾಟಿ ಬಂದು ತನ್ನದೇ ಹೆಸರಿನಲ್ಲಿ ಬರೆಯುತ್ತಿದ್ದವನ ಮೇಲೆ ಈ ದೂರು. ಲೆಮ್‌ನಲ್ಲಿದ್ದ ವೈವಿಧ್ಯವನ್ನು ಡಿಕ್ ಓದಿದ್ದು, ಕಾಲ್ಡರ್ ಪಿರ್ಕ್ಸ್‌ನ ಮೌನವನ್ನು ಓದಿದ ರೀತಿಯಲ್ಲೇ. ಮರುವರ್ಷ 'ಸೈನ್ಸ್ ಫಿಕ್ಷನ್ ಸ್ಟಡೀಸ್' ಪತ್ರಿಕೆಯಲ್ಲಿ ಲೆಮ್‌ನ ಒಂದು ಲೇಖನ ಬಂತು. ಅಮೆರಿಕದ ವಿಜ್ಞಾನ ಕಥೆಗಾರರನ್ನು ಸಾರಾಸಗಟಾಗಿ ಬೋಗಳೆ ಬಿಡುವವರ ಸಾಲಿಗೆ ಸೇರಿಸಿ, ಅವರ ನಡುವಿನಿಂದ ದ್ರಷ್ಟಾರ ಎಂದು ಅವನು ಒಬ್ಬನನ್ನು ಎತ್ತಿ ತೋರಿಸಿದ. ಅವನೇ ಫಿಲಿಪ್ ಕೆ. ಡಿಕ್.