ಕೈಲಾಸಂ ನಗೆಗೆ ವಾರಸುದಾರರು ಯಾರು?

(ಬಡಾವಣೆಯ ಕನ್ನಡ ಯುವಕರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ತೀರಿಕೊಂಡವರನ್ನು ನೆನೆಯುವ ಸಭೆಗೆ ನಮ್ಮಲ್ಲಿ ಒಂದು ಕ್ರಮವಿದೆ. ಫೋಟೋಗೆ ಹಾರ, ಎರಡು ಊದುಬತ್ತಿ, ಎರಡು ನಿಮಿಷ ಮೌನ, ಆಮೇಲೆ ‘ತುಂಬಲಾರದ ನಷ್ಟ’. ಟಿ.ಪಿ. ಕೈಲಾಸಂ ಅವರಿಗೆ ಈ ಕ್ರಮ ಒಗ್ಗುವುದಿಲ್ಲ. ಬದುಕಿಡೀ ಕನ್ನಡಿಗರನ್ನು ನಗಿಸಿದ ಮನುಷ್ಯನ ಮುಂದೆ ಮುಖ ಗಂಟುಹಾಕಿ ನಿಲ್ಲುವುದು ಅವರಿಗೆ ಮಾಡುವ ಅವಮಾನ. ಆದ್ದರಿಂದ ಮೌನ ಬೇಡ, ಮಾತಾಡೋಣ.

ಕೈಲಾಸಂ ಹುಟ್ಟಿದ್ದು ೧೮೮೪ರಲ್ಲಿ. ತೀರಿಕೊಂಡಿದ್ದು ೧೯೪೬ರ ನವೆಂಬರಿನಲ್ಲಿ. ಆಗ ನವೆಂಬರ್ ಒಂದಕ್ಕೆ ಬಾವುಟವೂ ಇರಲಿಲ್ಲ, ಆರ್ಕೆಸ್ಟ್ರಾವೂ ಇರಲಿಲ್ಲ. ಕನ್ನಡನಾಡು ಒಂದಾಗಲು ಇನ್ನೂ ಹತ್ತು ವರ್ಷ ಕಾಯಬೇಕಿತ್ತು. ನಮ್ಮಂಥ ನವೆಂಬರ್ ಕನ್ನಡಿಗರು ಹುಟ್ಟುವ ಮೊದಲೇ ಅವರು ಹೋಗಿಬಿಟ್ಟರು. ಇಲ್ಲದಿದ್ದರೆ ನಮ್ಮ ಮೇಲೂ ಒಂದು ಪ್ರಹಸನ ಬರುತ್ತಿತ್ತು!

ಈ ಮನುಷ್ಯ ಯಾರು? ನ್ಯಾಯಾಧೀಶರ ಮಗ. ಮನೆಮಾತು ತಮಿಳು. ಓದಿದ್ದು ಭೂವಿಜ್ಞಾನ, ಅದೂ ಲಂಡನ್ನಿನಲ್ಲಿ. ಮರಳಿ ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆ ಸೇರಿದರು. ಹಾಗೇ ಕುಳಿತಿದ್ದರೆ ದೊಡ್ಡ ಅಧಿಕಾರಿಯಾಗಿ, ದೊಡ್ಡ ಪೆನ್ಷನ್ ತಗೊಂಡು, ಯಾರಿಗೂ ನೆನಪಿಲ್ಲದಂತೆ ಹೋಗುತ್ತಿದ್ದರು. ಆದರೆ ಆ ನೌಕರಿ ಬಿಟ್ಟು ನಾಟಕ ಹಿಡಿದರು.

ಮನೆಮಾತು ತಮಿಳು ಅಂದೆನಲ್ಲ, ಅದನ್ನು ಗಮನಿಸಿ. ಮಾಸ್ತಿಯವರ ಮನೆಮಾತೂ ತಮಿಳು. ಬೇಂದ್ರೆಯವರದು ಮರಾಠಿ. ನಗೆಬರಹದ ನಾ. ಕಸ್ತೂರಿ ಕೇರಳದಲ್ಲಿ ಹುಟ್ಟಿದವರು. ಇವರಲ್ಲಿ ಯಾರನ್ನಾದರೂ ‘ನೀನು ಕನ್ನಡಿಗನೇ?’ ಎಂದು ಕೇಳುವ ಧೈರ್ಯ ನಮಗಿದೆಯೇ? ೧೯೪೫ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮದರಾಸಿನಲ್ಲಿ. ತಮಿಳರ ರಾಜಧಾನಿಯಲ್ಲಿ, ತಮಿಳು ಮನೆಮಾತಿನ ಕೈಲಾಸಂ ಕನ್ನಡದ ಅಧ್ಯಕ್ಷರಾಗಿ ಕೂತರು. ಕನ್ನಡಿಗನನ್ನು ಗುರುತಿಸುವುದು ಅವನ ತಾತನ ಊರಿನಿಂದಲ್ಲ, ಅವನು ಈ ನುಡಿಗೆ ಏನು ಕೊಟ್ಟ ಎಂಬುದರಿಂದ. ಇದನ್ನು ನಮ್ಮ ವಿರೋಧಿಗಳಿಗೆ ಹೇಳುವ ಮೊದಲು ನಾವು ಕಲಿಯಬೇಕು.

ಕೊಟ್ಟದ್ದೇನು? ಅಲ್ಲಿಯವರೆಗೆ ನಮ್ಮ ರಂಗದ ಮೇಲೆ ರಾಜರು, ದೇವರು, ಕಿರೀಟ, ಕಂದಪದ್ಯ. ಕೈಲಾಸಂ ಪರದೆ ಎತ್ತಿದರೆ ಕಾಣುತ್ತಿದ್ದದ್ದು ನಮ್ಮ ನಿಮ್ಮ ಮನೆಯ ಹಜಾರ. ಅಲ್ಲಿ ಅಪ್ಪ ಗದರುತ್ತಾನೆ, ಅಮ್ಮ ಸಹಿಸುತ್ತಾಳೆ, ವಕೀಲ ಜಂಬ ಕೊಚ್ಚುತ್ತಾನೆ. ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಅಮ್ಮಾವ್ರ ಗಂಡ’ ಅವರ ನಾಟಕಗಳ ಹೆಸರು. ಆ ನಾಟಕ ನೋಡದವರೂ ಇವತ್ತು ಈ ಮಾತನ್ನು ಆಡುತ್ತಾರೆ.

‘ಟೊಳ್ಳು ಗಟ್ಟಿ’ ನಾಟಕದಲ್ಲಿ ಇಬ್ಬರು ಹುಡುಗರು. ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದು, ಅಪ್ಪನ ಕಣ್ಮಣಿ. ಮಾಧು ನಪಾಸಿನ ಗಿರಾಕಿ. ಆದರೆ ಕಷ್ಟ ಬಂದಾಗ ಮನೆಗೆ ಆಗುವವನು ಮಾಧು. ಯಾರು ಟೊಳ್ಳು, ಯಾರು ಗಟ್ಟಿ? ನೂರು ವರ್ಷ ದಾಟಿದರೂ ಮಗುವಿನ ಮಾರ್ಕ್ಸ್ ಕಾರ್ಡ್ ಹಿಡಿದು ಕೂರುವ ನಮ್ಮ ಅಪ್ಪ ಅಮ್ಮಂದಿರಿಗೆ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ‘ಸೂಳೆ’ ನಾಟಕ ಬರೆದದ್ದೂ ಇದೇ ಮನುಷ್ಯ. ಸಮಾಜ ಮುಖ ತಿರುಗಿಸಿದವಳ ಕಡೆಗೆ ಅವರು ಮುಖ ಮಾಡಿ ನಿಂತರು. ಅವರ ನಗೆ ಬಿದ್ದವರನ್ನು ಚುಚ್ಚಲಿಲ್ಲ, ಬೀಗುವವರನ್ನು ಚುಚ್ಚಿತು. ಹಾಸ್ಯಕ್ಕೂ ಅಪಹಾಸ್ಯಕ್ಕೂ ಇರುವ ಗೆರೆ ಇದೇ.

‘ಸ್ವಾಮಿ, ಅವರ ನಾಟಕದ ತುಂಬ ಇಂಗ್ಲಿಷಿದೆಯಲ್ಲ?’ ಎಂದು ನೀವು ಕೇಳಬಹುದು. ಇದೆ. ಆದರೆ ಆ ಇಂಗ್ಲಿಷ್ ಯಾರ ಬಾಯಲ್ಲಿದೆ ನೋಡಿ. ಓದಿದ ಜಂಬದವರ ಬಾಯಲ್ಲಿ. ಕನ್ನಡವನ್ನೂ ನೆಟ್ಟಗೆ ಆಡದ, ಇಂಗ್ಲಿಷನ್ನೂ ನೆಟ್ಟಗೆ ಆಡದ ನಮ್ಮ ಬಾಯಿಗೆ ಕೈಲಾಸಂ ಹಿಡಿದ ಕನ್ನಡಿ ಅದು. ಅವರು ಹಾಸ್ಯಕ್ಕೆಂದು ಬರೆದದ್ದನ್ನು ನಾವು ಅಂತಸ್ತು ಎಂದು ಆಡುತ್ತಿದ್ದೇವೆ! ಏಕಲವ್ಯ, ಕರ್ಣರ ಮೇಲೆ ಇಂಗ್ಲಿಷಿನಲ್ಲೇ ನಾಟಕ ಕಟ್ಟಿದವರು ಅವರು. ಆ ಭಾಷೆ ಬಲ್ಲವರಾದ್ದರಿಂದ ಅದರ ಭಯ ಇರಲಿಲ್ಲ. ಭಯ ಇಲ್ಲದವನು ಮಾತ್ರ ಹೀಗೆ ನಗಬಲ್ಲ. ಮೊದಲ ಮಹಾಯುದ್ಧದ ಸೈನಿಕರು ‘ಟಿಪ್ಪರರಿ’ಯ ಹಾಡು ಹೇಳುತ್ತ ನಡೆದರೆ, ಕೈಲಾಸಂ ಆ ಐರಿಷ್ ಊರನ್ನು ನಮ್ಮ ತಿಪ್ಪಾರಳ್ಳಿ ಮಾಡಿದರು. ‘ಕಾನ್‌ಸ್ಟಾಂಟಿನೋಪಲ್’ ಎಂದು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಹಾಡಿಗೆ ಕನ್ನಡದ ಕಾಗುಣಿತ, ಒತ್ತು ತೊಡಿಸಿ ‘ಕೋಳಿಕೆ ರಂಗ’ನನ್ನು ತಂದರು. ಇಂಗ್ಲಿಷಿನವರ ಮಟ್ಟನ್ನು ತಂದು ಕನ್ನಡಕ್ಕೆ ದುಡಿಸಿಕೊಂಡರು. ಕೀಳರಿಮೆ ಎಂಬ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಬೇಕೇ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೈಲಾಸಂ ತಮ್ಮ ನಾಟಕಗಳನ್ನು ಕೂತು ಬರೆದವರಲ್ಲ. ನಾಟಕ ಪೂರ್ತಿ ತಲೆಯಲ್ಲಿ ಇರುತ್ತಿತ್ತು. ಬಾಯಲ್ಲಿ ಸಿಗರೇಟು, ಸುತ್ತ ಗೆಳೆಯರು. ಗಂಡಿನ ದನಿ, ಹೆಣ್ಣಿನ ದನಿ, ಮುದುಕನ ಕೆಮ್ಮು ಎಲ್ಲವನ್ನೂ ತಾವೇ ಆಡಿ ತೋರಿಸುತ್ತಿದ್ದರು. ಹೇಳಿದ್ದನ್ನು ಗೆಳೆಯರು ಬರೆದುಕೊಂಡರು. ಹಾಗೆ ಬರೆದುಕೊಂಡದ್ದು ಉಳಿಯಿತು. ಬರೆದುಕೊಳ್ಳುವವರು ಇಲ್ಲದ ದಿನ ಆಡಿದ್ದು ಗಾಳಿಗೆ ಹೋಯಿತು. ಇವತ್ತು ಅಂಗಡಿಯಲ್ಲಿ ನೀವು ಕೊಳ್ಳುವ ಕೈಲಾಸಂ ಪುಸ್ತಕ ಎಂದರೆ ಗೆಳೆಯರ ಪ್ರೀತಿಯ ಫಲ.

ಯೋಚಿಸಿ ಗೆಳೆಯರೇ. ನಿಮ್ಮ ಮನೆಯಲ್ಲೂ ಒಬ್ಬ ಇದ್ದಾನೆ. ಮದುವೆ ಮನೆಯಲ್ಲಿ ಪಂಕ್ತಿಯನ್ನೇ ನಗಿಸುವ ಸೋದರಮಾವ, ಗಾದೆಗೆ ಗಾದೆ ಪೋಣಿಸುವ ಅಜ್ಜಿ, ಸಾವಿನ ಮನೆಯಲ್ಲೂ ಅಳುವವರಿಗೆ ಕಾಫಿ ಕೊಟ್ಟು ಮೆಲ್ಲಗೆ ನಗಿಸುವ ದೊಡ್ಡಪ್ಪ. ಅವರು ಹೋದ ಹನ್ನೊಂದನೆಯ ದಿನ ನೆಂಟರೆಲ್ಲ ಕೂತು ‘ಅವರು ಹಾಗೆ ಅಂತಿದ್ದರು, ಹೀಗೆ ಅಂತಿದ್ದರು’ ಎಂದು ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತು ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿ. ಕನ್ನಡ ಬಾರದ ಮೊಮ್ಮಗು ಆ ಹಜಾರದಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿರುತ್ತದೆ. ಅದಕ್ಕೆ ತಾತನ ಫೋಟೋ ಸಿಗುತ್ತದೆ, ಸೈಟು ಸಿಗುತ್ತದೆ, ತಾತನ ನಗೆ ಮಾತ್ರ ಸಿಗುವುದಿಲ್ಲ. ಹಾಸ್ಯವನ್ನು ಭಾಷಾಂತರಿಸಿ ಬಡಿಸಲು ಹೋದರೆ ತಂಗಳಾಗುತ್ತದೆ. ಅಂಥ ಮನೆಯಲ್ಲಿ ಮನುಷ್ಯ ಎರಡು ಸಲ ಸಾಯುತ್ತಾನೆ.

ನಾಮಫಲಕದಲ್ಲಿ ಶೇಕಡ ೬೦ ಕನ್ನಡ ಇರಬೇಕೆಂದು ೨೦೨೪ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಹೋರಾಡಿ ಪಡೆದದ್ದು, ಬಿಡುವ ಮಾತೇ ಇಲ್ಲ. ಆದರೆ ಬೋರ್ಡಿಗೆ ಕಾನೂನು ಮಾಡಬಹುದು, ಮಗುವಿನ ನಾಲಿಗೆಗೆ ಮಾಡಲಾಗದು. ಆ ಕೆಲಸ ನಿಮ್ಮದು, ನನ್ನದು.

ಕೈಲಾಸಂ ಗೆಳೆಯರ ಬಳಿ ಇದ್ದದ್ದು ಕಾಗದ, ಪೆನ್ನು. ನಿಮ್ಮ ಜೇಬಿನಲ್ಲಿ ದನಿಯನ್ನೇ ಹಿಡಿದಿಡುವ ಫೋನಿದೆ. ಈ ಭಾನುವಾರ ಅಜ್ಜಿಯ ಎದುರು ಕೂರಿ. ಮಾತಾಡಿಸಿ, ಬರೆದುಕೊಳ್ಳಿ, ನಿಮ್ಮ ಮಕ್ಕಳಿಗೆ ಅದೇ ನುಡಿಯಲ್ಲಿ ಹೇಳಿ. ‘ಟೊಳ್ಳು ಗಟ್ಟಿ’ಯನ್ನು ನಾಲ್ಕು ಜನ ಸೇರಿ ಬಡಾವಣೆಯಲ್ಲಿ ಆಡಿ. ಒಂದು ಹಜಾರ, ಎರಡು ಕುರ್ಚಿ ಸಾಕು.

ಕೈಲಾಸಂ ನಗೆಗೆ ವಾರಸುದಾರರು ಯಾರು ಎಂದು ಕೇಳಿದೆ. ಆ ನಗೆ ಅರ್ಥವಾಗುವ ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ. ಆಸ್ತಿ ದೊಡ್ಡದಿದೆ, ಕಳೆಯಬೇಡಿ.

ಸಿರಿಗನ್ನಡಂ ಗೆಲ್ಗೆ!