ಬೆಟ್ಟಾ ಊಟ ಬಿಟ್ಟಿದೆಯಾ? ಔಷಧಿಗೆ ಮೊದಲು ಥರ್ಮಾಮೀಟರ್

ಈ ವಾರದ ಪ್ರಶ್ನೆ ನಂಜನಗೂಡು ಹತ್ತಿರದ ತಾಂಡ್ಯದಿಂದ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡೋ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. "ಅಣ್ಣಾ, ರೂಮಲ್ಲಿ ನಾನು, ನನ್ ಬೆಟ್ಟಾ, ಇಬ್ರೇ. ನಾಲ್ಕು ದಿನದಿಂದ ಅದು ಏನೂ ತಿಂತಿಲ್ಲ. ಅಂಗಡೀಲಿ ನೀಲಿ ಔಷಧಿ ಕೊಟ್ಟಿದಾರೆ, ಹಾಕ್ಲಾ?"

ಬೇಡ ಕಣೋ, ತಡಿ. ಮೊದಲು ನೀರು ಎಷ್ಟು ಡಿಗ್ರಿ ಇದೆ ನೋಡು.

ಬೆಟ್ಟಾ ಅಂದ್ರೆ ನಾವು ಫೈಟರ್ ಅಂತ ಕರೆಯೋ ಮೀನು. ಥಾಯ್ಲೆಂಡ್ ಕಡೇದು. 2019ರಲ್ಲಿ ಆ ದೇಶ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿ ಇದು ಭತ್ತದ ಗದ್ದೆ, ಜೌಗು, ನಿಂತ ನೀರಲ್ಲಿ ಬದುಕುತ್ತೆ. ಕಪಿಲೆ ನಾಲೆ ಬಯಲಿನ ಗದ್ದೆ ನೋಡಿದವರಿಗೆ ಅದೂ ನಮ್ಮೂರ ಥರಾನೇ ಅನ್ಸುತ್ತೆ. ವ್ಯತ್ಯಾಸ ಇರೋದು ಚಳೀಲಿ. ಇದಕ್ಕೆ ಬೇಕಾದ್ದು 24ರಿಂದ 28 ಡಿಗ್ರಿ ನೀರು. ಡಿಸೆಂಬರ್, ಜನವರಿ ಮುಂಜಾನೆ ನಮ್ಮ ಕಡೆ ಗಾಳಿ 16, 17ಕ್ಕೆ ಇಳಿಯುತ್ತೆ. ಶೀಟ್ ಮನೆ, ಕಿಟಕಿ ಪಕ್ಕ ಎರಡು ಲೀಟರ್ ಗಾಜಿನ ಬೌಲ್ ಅಂದ್ರೆ ನೀರು ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು ಹೇಳಿ?

ಮೀನಿಗೆ ನಮ್ಮ ಹಾಗೆ ಸ್ವಂತ ಮೈಬಿಸಿ ಇಲ್ಲ. ನೀರು ತಣ್ಣಗಾದ್ರೆ ಅದರ ಹೊಟ್ಟೆ ಕೆಲಸಾನೂ ನಿಧಾನ. ನಿನ್ನೆ ತಿಂದಿದ್ದೇ ಕರಗಿಲ್ಲ, ಇವತ್ತು ಹಸಿವು ಎಲ್ಲಿಂದ ಬರಬೇಕು? ಆದ್ರೆ ನಾವು ಏನ್ ಮಾಡ್ತೀವಿ, ಪಾಪ ಅಂತ ಇನ್ನೂ ನಾಲ್ಕು ಕಾಳು ಹಾಕ್ತೀವಿ. ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತೆ. ಎರಡು ಲೀಟರ್ ನೀರಿಗೆ ಅದನ್ನ ತಡ್ಕೊಳೋ ಶಕ್ತಿ ಇಲ್ಲ. ಚಳಿಗೆ ಸುಮ್ನೆ ಕೂತಿದ್ದ ಮೀನು ನಮ್ಮ ಪ್ರೀತಿಗೆ ಸಾಯುತ್ತೆ. ಆಮೇಲೆ "ಅದರ ಆಯಸ್ಸೇ ಅಷ್ಟು" ಅಂತೀವಿ. ಚೆನ್ನಾಗಿ ನೋಡ್ಕೊಂಡ್ರೆ ಎರಡು ಮೂರು ವರ್ಷ ಬದುಕೋ ಮೀನು ಕಣ್ರೀ ಇದು.

ಹಾಗಾಗಿ ಉಳಿದಿರೋ ಕಾಳು ತೆಗೀರಿ, ಒಂದೆರಡು ದಿನ ಏನೂ ಹಾಕ್ಬೇಡಿ. ಆರೋಗ್ಯವಾಗಿರೋ ದೊಡ್ಡ ಬೆಟ್ಟಾ ಅಷ್ಟಕ್ಕೆ ಸಾಯಲ್ಲ. ನೀರಲ್ಲಿ ಕಾಲು ಭಾಗ ಬದಲಾಯಿಸಿ. ನಲ್ಲಿ ನೀರಾದ್ರೆ ಕ್ಲೋರಿನ್ ಹೋಗೋಕೆ ಬಾಯಿ ತೆರೆದ ಬಕೆಟ್‌ನಲ್ಲಿ ಒಂದು ದಿನ ಇಟ್ಟು ಹಾಕಿ. ಬಿಸಿನೀರು ಸುರೀಬೇಡಿ, ಆ ಶಾಕ್ ಚಳಿಗಿಂತ ಕೆಟ್ಟದ್ದು. ಹತ್ತು ಲೀಟರ್‌ಗಿಂತ ದೊಡ್ಡ ತೊಟ್ಟಿ, ಥರ್ಮೋಸ್ಟಾಟ್ ಇರೋ ಸಣ್ಣ ಹೀಟರ್, ಇಷ್ಟೇ ಬೇಕಾಗಿರೋದು. ಮೀನಿಗಿಂತ ಹೀಟರ್ ದುಬಾರಿ, ಬಿಕಾಂ ಓದಿದ ನನಗೂ ಆ ಲೆಕ್ಕ ಕಷ್ಟಾನೇ. ತಿಂಗಳಿಗೊಂದು ಹೊಸ ಮೀನು ತರೋ ಲೆಕ್ಕ ಅದಕ್ಕಿಂತ ಕಷ್ಟ. ಮೇಲೊಂದು ಮುಚ್ಚಳ ಇರ್ಲಿ, ಆದ್ರೆ ಗಾಳಿ ಆಡ್ಬೇಕು, ಯಾಕಂದ್ರೆ ಬೆಟ್ಟಾ ಮೇಲೆ ಬಂದು ಗಾಳೀನೂ ಉಸಿರಾಡುತ್ತೆ.

ಮೊನ್ನೆ ತಾನೇ ಕವರಲ್ಲಿ ಹಾಕ್ಕೊಂಡು ಬಸ್ಸಲ್ಲಿ ತಂದ ಮೀನಾದ್ರೆ ವಿಷಯ ಬೇರೆ. ಅದಕ್ಕೆ ಹೆದರಿಕೆ, ನಿಮ್ಮ ಕಾಳು ಊಟ ಅಂತಾನೂ ಗೊತ್ತಿರಲ್ಲ, ಬಾಯಿಗೆ ಹಾಕಿ ಉಗಿಯುತ್ತೆ. ನಾಲ್ಕು ದಿನ ಬಿಡಿ. ಸೊಳ್ಳೆ ಮರಿ ಕಂಡ್ರೆ ಮಾತ್ರ ಬಿಡಲ್ಲ, ಆದ್ರೆ ಚರಂಡಿಯಿಂದ ತರಬೇಡಿ, ರೋಗಾನೂ ಜೊತೇಲಿ ಬರುತ್ತೆ.

ನೀರು ಬೆಚ್ಚಗಿದ್ದು, ಶುದ್ಧವಾಗಿದ್ದೂ ತಿನ್ನದಿದ್ರೆ ಮೈ ನೋಡಿ. ಬಿಳಿ ಚುಕ್ಕೆ, ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗು, ಅಥವಾ ಹೊಟ್ಟೆ ಊದಿ ಮೈಮೇಲಿನ ಹುರುಪೆ ಎದ್ದು ನಿಂತಿದ್ರೆ ಅದು ಕಾಯಿಲೆ. ಔಷಧಿ ಮಾತು ಆವಾಗ, ಅದೂ ಯಾವ ಕಾಯಿಲೆ ಅಂತ ತಿಳ್ಕೊಂಡು.

ಇನ್ನೊಂದು. ಸಾಕೋಕೆ ಆಗಲ್ಲ ಅಂತ ಕಪಿಲೆಗೆ ಬಿಡ್ಬೇಡಿ. ಅಲ್ಲಿ ಮೊದಲಿಂದ ಇರೋ ಮೀನುಗಳಿವೆ. ಬೇಕು ಅನ್ನೋರಿಗೆ ಕೊಡಿ. ನೀರು ಬದಲಾಯಿಸುವಾಗ ಹೀಟರ್ ಪ್ಲಗ್ ತೆಗೆದು, ಆಮೇಲೆ ಕೈ ಹಾಕಿ. ಮುಂದಿನ ವಾರ ಕರೆಂಟ್ ಹೋದಾಗ ತೊಟ್ಟಿ ಬೆಚ್ಚಗಿಡೋದು ಹೇಗೆ ಅಂತ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಜೊತೆಗೆ ನೀರು ಎಷ್ಟು ಡಿಗ್ರಿ ಅಂತಾನೂ ಹೇಳಿ.