ಕ್ಷಮೆಯ ಬೆಲೆ



ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಎರಡು ಹೋತಗಳ ಪ್ರಸ್ತಾಪವಿದೆ. ಒಂದನ್ನು ಜನರ ಪಾಪಪರಿಹಾರಕ್ಕಾಗಿ ಬಲಿಕೊಡುತ್ತಿದ್ದರು. ಮತ್ತೊಂದರ ತಲೆಯ ಮೇಲೆ ಪ್ರಧಾನ ಯಾಜಕನು ಎರಡೂ ಕೈಗಳನ್ನಿಟ್ಟು, ಜನರ ಪಾಪಗಳನ್ನು ಅರಿಕೆಮಾಡಿ, ಅದನ್ನು ಅಡವಿಗೆ ಅಟ್ಟಿಸುತ್ತಿದ್ದನು. ವರ್ಷ ತಿರುಗಿದರೆ ಮತ್ತೆ ಅದೇ ವಿಧಿ. ಪಶುವಿನ ರಕ್ತವು ಮನುಷ್ಯನ ಅಂತಃಕರಣವನ್ನು ತೊಳೆಯಲಾರದು. ಹಿಬ್ರಿಯರಿಗೆ ಬರೆದ ಪತ್ರವು ಸಾರುವಂತೆ, ಯೇಸುಸ್ವಾಮಿ ಒಂದೇ ಸಾರಿ, ಎಂದೆಂದಿಗೂ ಸಾಲುವಂತೆ, ತಮ್ಮನ್ನೇ ಅರ್ಪಿಸಿದರು. ಆ ಶಿಲುಬೆಯ ಬಲಿಯೇ ಪೂಜೆಯಲ್ಲಿ ರಕ್ತರಹಿತವಾಗಿ ಸಲ್ಲುತ್ತದೆಂದು 1562ರಲ್ಲಿ ತ್ರೆಂತ್ ಮಹಾಸಭೆಯು ಬೋಧಿಸಿತು.

ಕ್ಷಮಿಸಲು ದೇವರಿಗೆ ಬಲಿಯೇಕೆ ಬೇಕಿತ್ತೆಂದು ಕೆಲವರು ನಮ್ಮನ್ನು ಕೇಳುವುದುಂಟು. ಗದ್ದೆಯ ಬದುವನ್ನು ತಮ್ಮನು ಒತ್ತರಿಸಿದನೆನ್ನಿ. ಅಣ್ಣನು ಮನಸಾರೆ ಕ್ಷಮಿಸಿದರೆ ಆ ನಷ್ಟವನ್ನು ಹೊರುವವನು ಅಣ್ಣನೇ. ಕ್ಷಮೆಯ ಬೆಲೆಯನ್ನು ಯಾವಾಗಲೂ ಕ್ಷಮಿಸುವವನೇ ತೆರುತ್ತಾನೆ. ಕಲ್ವಾರಿಯಲ್ಲಿ ದೇವರು ಬೆಲೆಯನ್ನು ಕೇಳಲಿಲ್ಲ, ಕೊಟ್ಟರು.

ಶತಮಾನೋತ್ಸವಕ್ಕೆಂದು ದೇವಾಲಯದ ಗೋಡೆಗಳಿಗೆ ಸುಣ್ಣ ಬಳಿದಿದ್ದೇವೆ. ಆದರೆ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿಯೂ ಒಬ್ಬರ ಹೊಸ್ತಿಲನ್ನು ಮತ್ತೊಬ್ಬರು ತುಳಿಯದ ಒಡಹುಟ್ಟಿದವರು ನಮ್ಮಲ್ಲಿದ್ದಾರೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂಬುದು ಪ್ರಭುವಿನ ಆಜ್ಞೆ. ನಿಮ್ಮ ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ನಮ್ಮ ಕಟುನುಡಿಯಿಂದ ಯಾರಾದರೂ ನೊಂದಿದ್ದರೆ, ಇಂದೇ, ಈ ಪೀಠದ ಮುಂದೆಯೇ ಕ್ಷಮೆ ಬೇಡುತ್ತೇವೆ.

ಪ್ರಭುವಿನ ಶಾಂತಿ ನಿಮ್ಮೆಲ್ಲರೊಡನಿರಲಿ.